ಕಾಕಾನ ಟಾಪರ್ ಮತ್ತು ಕಾಲು ಇಂಚಿನ ತಗ್ಗು

ನಮ್ಮ ಕಾಕಾನಂಥ ಸಜ್ಜನರು ಇಡೀ ಧಾರವಾಡದಲ್ಲಿ ಇನ್ನೊಬ್ಬರು ಸಿಗಲಾರರು. ಸಿಕ್ಕಿದ್ದರೆ ಧಾರವಾಡದ ಮಂದಿ ಎಂದೋ ಗಂಟುಮೂಟೆ ಕಟ್ಟಿಕೊಂಡು ಗಬ್ಬೂರ ಬೈಪಾಸ್ ದಾಟಿ ಓಡಿಹೋಗುತ್ತಿದ್ದರು! ಬೇರೆಯವರ ಮನೆಗೆ ಹೋದರೆ "ಬರ್ರಿ, ಕೂಡ್ರಿ, ಚಾ ಕುಡೀರಿ" ಎನ್ನುತ್ತಾರೆ. ಕಾಕಾ ಮಾತ್ರ "ಬರ್ರಿ, ಚಪ್ಪಲಿ ಬಿಡ್ರಿ, ಮಲಕೋರಿ" ಎನ್ನುತ್ತಿದ್ದರು. ಹೌದು, ನೀವು ಸರಿಯಾಗಿಯೇ ಓದಿದಿರಿ. ಕಳೆದ ವರ್ಷ ಎರಡು ತಿಂಗಳು ಆ ಮನೆಯ ಅತಿಥಿ ಸತ್ಕಾರ ಹೀಗೇ ನಡೆಯಿತು.

ಇದಕ್ಕೆಲ್ಲ ಕಾರಣ ಒಂದು ಟಾಪರ್. ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಸತ್ತೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಹಳೇ ಗಾದಿ ಭಾಳ ಗಟ್ಟಿ ಆಗ್ತದ. ಅದರ ಮ್ಯಾಲ ಒಂದು ಫೋಮಿನ ಟಾಪರ್ ಹಾಸ್ರಿ" ಅಂದರು. ಕಾಕಾ ಅದೇ ದಿನ ಹುಬ್ಬಳ್ಳಿಗೆ ಹೋಗಿ ತಂದರು. ತಂದವರು ಸುಮ್ಮನಿರಬೇಕಲ್ಲ? ಭಾನುವಾರ ಚರ್ಚಿನಲ್ಲಿ ಕಂಡಕಂಡವರಿಗೆ, "ನಮ್ಮ ಮನಿಗೆ ಟಾಪರ್ ಬಂದದ!" ಎಂದು ಹೇಳಿದರು. ಸಂಜೆ ಪಕ್ಕದ ಮನೆಯಾಕೆ ಫೇಡೆಯ ಡಬ್ಬಿ ಹಿಡಿದುಕೊಂಡು ಬಂದರು.

"ಭಾಳ ಸಂತೋಷ ಆತ್ರಿ. ಎಷ್ಟು ಬಿತ್ತು ನಿಮ್ಮ ಟಾಪರ್‌ಗೆ?"

ಮಲಗಿದ್ದಲ್ಲಿಂದಲೇ ಕಾಕು ಹೇಳಿದರು: "ಮೂರು ಇಂಚ್ರಿ!"

ಆದರೆ ಆ ಟಾಪರ್ ಎಂಟೇ ತಿಂಗಳಲ್ಲಿ ನಪಾಸಾಯಿತು. ಸರಿಯಾಗಿ ಕಾಕುವಿನ ಸೊಂಟ ಬರುವಲ್ಲಿ ತಗ್ಗು ಬಿತ್ತು. ನಾವು ನೀವಾದರೆ ಏನು ಮಾಡುತ್ತಿದ್ದೆವು? ಬೈದುಕೊಂಡು ಇನ್ನೊಂದು ತರುತ್ತಿದ್ದೆವು. ಕಾಕಾ ಭೂಮಾಪನ ಖಾತೆಯಲ್ಲಿ ಮೂವತ್ತೈದು ವರ್ಷ ಸರಪಳಿ ಎಳೆದವರು. ಅವರ ಕಣ್ಣಿಗೆ ಅದು ಹಾಸಿಗೆಯಲ್ಲ, ತಕರಾರು ಇರುವ ಜಮೀನು!

ಮೊದಲು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದರು. ಬಿಸಿಲು ತಾಗಿದರೆ ಫೋಮು ಉಬ್ಬುತ್ತದೆಂಬ ಜ್ಞಾನ ಅವರಿಗೆ ಎಲ್ಲಿಂದ ಬಂತೋ! ಫೋಮು ಉಬ್ಬಲಿಲ್ಲ, ಮೂರು ಮಂಗಗಳು ಬಂದು ಅದರ ಮೇಲೆ ಹಾಯಾಗಿ ಮಲಗಿದವು. ನಾನು ಕೋಲು ಹುಡುಕುತ್ತಿದ್ದರೆ ಕಾಕಾ ತಡೆದರು.

"ತಡಿ ತಡಿ. ನೋಡು, ತಗ್ಗು ಬಿಟ್ಟು ಮೂರೂ ಅಂಚಿಗೇ ಮಲಗ್ಯಾವ. ಮಂಗ್ಯಾಗೂ ತಿಳೀತದ, ಆ ಅಂಗಡಿಯಂವಗ ತಿಳಿಯೂದಿಲ್ಲ?"

ಆಮೇಲೆ ಟಾಪರನ್ನು ತಲೆ ಕಡೆಯಿಂದ ಕಾಲ ಕಡೆಗೆ ತಿರುಗಿಸಿದರು. ತಗ್ಗು ಮೊಣಕಾಲಿನ ಕೆಳಗೆ ಬಂತು. ಬೋರಲು ಹಾಕಿದರು. ತಗ್ಗು ಇದ್ದಲ್ಲಿ ಈಗ ಕೆಳಗೆ ಪೊಳ್ಳಾಯಿತು. ಆ ಪೊಳ್ಳಿಗೆ ಹಳೇ ಪೇಪರು ಮಡಚಿ ತುಂಬಿದರು. ಕಾಕು ಒಂದೇ ಒಂದು ಸಲ ಮಿಸುಕಿದ್ದಕ್ಕೆ ಇಡೀ ಹಾಸಿಗೆ ಚರಪರ ಎಂದಿತು.

"ನಾ ಮಲಗೇನೋ, ಪೇಪರ್ ಓದಾಕತ್ತೇನೋ? ಒಂದೂ ತಿಳಿವಲ್ದು" ಎಂದರು ಕಾಕು.

ಪೇಪರು ಹೊರಗೆ ಬಂತು, ಕಾಕಾ ಅಂಗಡಿಗೆ ಹೋದರು. ಅಂಗಡಿಯವನು ಗ್ಯಾರಂಟಿ ಕಾರ್ಡು ತೋರಿಸಿ, ಬಹಳ ವಿನಯದಿಂದ ಒಂದು ಷರತ್ತು ಹೇಳಿದ. "ಯಾರೂ ಮಲಗದಾಗ ಪೂರಾ ಒಂದು ಇಂಚು ತಗ್ಗು ಇದ್ರ ಬದಲಿ ಕೊಡ್ತೇವ್ರಿ. ಕಡಿಮಿ ಇದ್ರ ಆಗೂದಿಲ್ರಿ."

ಕಾಕಾ ಮನೆಗೆ ಬಂದು ಟಾಪರಿನ ಈ ಅಂಚಿನಿಂದ ಆ ಅಂಚಿಗೆ ಬಿಗಿಯಾಗಿ ದಾರ ಕಟ್ಟಿದರು, ನಡುವೆ ಸ್ಕೇಲು ಇಳಿಸಿದರು, ಕನ್ನಡಕ ಹಣೆಗೇರಿಸಿ ನೋಡಿದರು. ಮುಕ್ಕಾಲು ಇಂಚು! ಕಾಲು ಇಂಚು ಕಡಿಮೆ!

ಅಂದಿನಿಂದ ಆ ಕಾಲು ಇಂಚಿನ ಗಳಿಕೆಯೇ ಅವರ ಜೀವನದ ಗುರಿಯಾಯಿತು. ಇಷ್ಟು ದಿನ ತಗ್ಗು ಮುಚ್ಚಲು ಒದ್ದಾಡಿದವರು ಈಗ ತಗ್ಗು ತೋಡಲು ನಿಂತರು. ಕೋಣೆಯ ಮಂಚ ಸಂಪೂರ್ಣ ಟಾಪರಿನ ಪಾಲಾಯಿತು. ಕಾಕು ಪಡಸಾಲೆಯ ದಿವಾನದ ಮೇಲೆ, ಕಾಕಾ ಅದರ ಮಗ್ಗುಲಿಗೆ ನೆಲದ ಮೇಲೆ ಚಾಪೆ ಹಾಸಿಕೊಂಡು. ಮನೆಯ ಮನುಷ್ಯರು ಎಲ್ಲಿ ಬೇಕಾದರೂ ಮಲಗಬಹುದು, ಟಾಪರಿಗೆ ತ್ರಾಸಾಗಬಾರದು ನೋಡಿ! "ನೀವೇ ಮಲಗಿ ತಗ್ಗು ಮಾಡ್ರಲ್ಲ ಕಾಕಾ" ಎಂದೆ. "ನಂದು ಬರೇ ನಲವತ್ತೊಂಬತ್ತು ಕೆಜಿ. ನನ್ನ ಕಡಿಂದ ಏನಾಗ್ತದ?" ಎಂದರು.

ಹೀಗಾಗಿ ಅತಿಥಿಗಳ ಸರದಿ ಶುರುವಾಯಿತು. ವಿಮೆಯ ಏಜೆಂಟರು ಮಲಗಿದರು, ಗ್ಯಾಸ್ ಸಿಲಿಂಡರ್ ತಂದವರು ಮಲಗಿದರು. ಮಲಗುವ ಮೊದಲು ಪ್ರತಿಯೊಬ್ಬರೂ ತಮ್ಮ ತೂಕ ಹೇಳಬೇಕು, ಕಾಕಾ ಅದನ್ನು ವಹಿಯಲ್ಲಿ ಬರೆದುಕೊಳ್ಳುವರು. ನನ್ನನ್ನೂ ಬಿಡಲಿಲ್ಲ.

"ಎಷ್ಟು ನಿನ್ನ ತೂಕ?"

"ಐವತ್ತೆಂಟು."

ಹತ್ತು ನಿಮಿಷದ ನಂತರ ನನ್ನನ್ನು ಎಬ್ಬಿಸಿ ಸ್ಕೇಲು ಇಳಿಸಿದರು. "ತಗ್ಗು ಅರವತ್ತಾರು ಅನ್ನಾಕತ್ತದಲ್ಲ, ಮಗಳ!"

ಆ ಮನೆಗೆ ನಾನು ಮೂರು ವಾರ ಕಾಲಿಡಲಿಲ್ಲ.

ನಾನು ಹೋಗದಿದ್ದ ಆ ದಿನಗಳಲ್ಲೇ ಪಾಸ್ಟರ್ ಸಿಕ್ಕಿಬಿದ್ದರಂತೆ. ಮುಂದಿನದನ್ನು ಕಾಕು ಹೇಳಿದ್ದು. ಪಾಸ್ಟರ್ ಬಂದದ್ದು ಕಾಕುವಿಗಾಗಿ ಪ್ರಾರ್ಥನೆ ಮಾಡಲು. ಅವರ ತೂಕ ತೊಂಬತ್ತೆಂಟು. ಬಾಗಿಲು ತುಂಬಿ ನಿಂತ ಅವರನ್ನು ಕಂಡು ಕಾಕಾನ ಮುಖ ಬೆಳಗಿತಂತೆ.

"ಪ್ರಾರ್ಥನಾ ಆಮ್ಯಾಲೆ ಮಾಡೂಣ್ರಿ. ಮೊದ್ಲ ಇಲ್ಲೆ ಹತ್ತು ಮಿನಿಟು ಅಡ್ಡಾಗ್ರಿ."

ಪಾಪ, ಬೆಳಗಿನಿಂದ ಮನೆಮನೆ ಅಲೆದು ದಣಿದಿದ್ದ ಪಾಸ್ಟರ್ ಇದೂ ಒಂದು ಸೇವೆಯೇ ಎಂದು ಒರಗಿದರು. ಮರುಗಳಿಗೆ ಗೊರಕೆ! ಕಾಕು ಪಡಸಾಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಬೈಬಲ್ ತೆರೆದಿಟ್ಟುಕೊಂಡು ಒಂದೂವರೆ ತಾಸು ಕಾದರು. ಎದ್ದು ಬಂದ ಪಾಸ್ಟರ್, "ನಿಮ್ಮ ಮನ್ಯಾಗ ಭಾಳ ಶಾಂತಿ ಅದರಿ" ಎಂದರು. ಒಳಗಿನಿಂದ ಕಾಕಾ ಕೂಗಿದರು: "ಪೂರಾ ಒಂದು ಇಂಚು! ದೇವರಿಗೆ ಸ್ತೋತ್ರ!" ಪಾಸ್ಟರಿಗೆ ಏನು ಅರ್ಥವಾಯಿತೋ, "ಆಮೆನ್" ಎಂದರಂತೆ.

ಮರುದಿನ ಕಾಕಾ ವಿಜಯಯಾತ್ರೆ ಹೊರಟರು. ಟಂಟಂ ರಿಕ್ಷಾದಲ್ಲಿ ಟಾಪರು, ಬಗಲಿಗೆ ಅದನ್ನು ತಬ್ಬಿಕೊಂಡು ಕಾಕಾ, ಕೈಯಲ್ಲಿ ದಾರ ಮತ್ತು ಸ್ಕೇಲು. ಅಂಗಡಿಯಲ್ಲಿ ಎಲ್ಲರೆದುರು ಅಳತೆಯಾಯಿತು. ಒಂದು ಇಂಚು ಹೌದು. ಅಂಗಡಿಯವನೂ ಬಗ್ಗಿ ನೋಡಿ ಒಪ್ಪಿದ.

"ಸರಿ ರಿ. ಪಾವತಿ ಕೊಡ್ರಿ."

ಕಾಕಾ ಪ್ಲಾಸ್ಟಿಕ್ ಫೈಲಿನಿಂದ, ಮಡಿಕೆ ಬೀಳದಂತೆ ಇಟ್ಟಿದ್ದ ಪಾವತಿಯನ್ನು ಹೆಮ್ಮೆಯಿಂದ ತೆಗೆದು ಕೊಟ್ಟರು. ಅದು ಯಂತ್ರದಿಂದ ಬರುವ ನುಣುಪು ಕಾಗದದ ಪಾವತಿ. ಒಂದಕ್ಷರವಿಲ್ಲದೆ ಬೆಳ್ಳಗಾಗಿತ್ತು! ಎಲ್ಲ ಅಳಿಸಿಹೋಗಿ ಕಾಗದವೊಂದೇ ಉಳಿದಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಒಮ್ಮೆ ಮೂಸಿಯೂ ನೋಡಿದರಂತೆ. ಅಕ್ಷರ ಬರಲಿಲ್ಲ. ಟಾಪರ್ ಮನೆಗೆ ಮರಳಿತು, ಅದೂ ಹೊಸದಾಗಿ ಕಾಲು ಇಂಚು ಹೆಚ್ಚು ತಗ್ಗಿನೊಂದಿಗೆ. ಇಂಥ ಸಾಧನೆ ಯಾರಿಗೆ ಉಂಟು ಹೇಳಿ!

ಸುದ್ದಿ ಕೇಳಿ ನನಗೆ ನಗು ತಡೆಯಲಿಲ್ಲ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಓಣಿಯ ಗಾದಿ ಹೊಲಿಯುವ ಸಾಹೇಬರನ್ನು ಕರೆದುಕೊಂಡು ಧಾರವಾಡಕ್ಕೆ ಹೋದೆ. ಅವರು ಟಾಪರನ್ನು ಬೆರಳಿನಿಂದ ಒತ್ತಿ ನೋಡಿದರು. "ಇದು ಸತ್ತೈತ್ರಿ. ಹತ್ತಿ ಅರಳಿ ತುಂಬಿ ಗಾದಿ ಮಾಡಿ ಕೊಡ್ತೀನಿ. ಅಮ್ಮಾರು ಒಂದೀಟು ಮಲಗಿ ತೋರಿಸ್ಲಿ. ಸೊಂಟ ಎಲ್ಲಿ ಬರ್ತೈತಿ, ಭುಜ ಎಲ್ಲಿ ಬರ್ತೈತಿ ನೋಡಿ, ಅಲ್ಲೆ ಬಿಗಿಯಾಗಿ ತುಂಬ್ತೀನಿ."

ಪಡಸಾಲೆಯಲ್ಲಿ ಕಾಕು ವಾಕರ್ ಹಿಡಿದು ಏಳತೊಡಗಿದರು.

"ನೀ ಏಳಬ್ಯಾಡ" ಎಂದ ಕಾಕಾ, ತಾವೇ ಮಂಚ ಹತ್ತಿ ಮಲಗಿಬಿಟ್ಟರು!

ನಾನು ಸೆರಗು ಬಾಯಿಗಿಟ್ಟುಕೊಂಡೆ. ಕಾಕಾ ಎಡಮಗ್ಗುಲಾದರು. ಬಲ ಮೊಣಕಾಲು ಅರ್ಧ ಮಡಚಿದರು, ಎರಡು ಕಾಲಿನ ನಡುವೆ ಒಂದು ದಿಂಬು ಇಟ್ಟುಕೊಂಡರು, ಒಂದು ಅಂಗೈಯನ್ನು ಕೆನ್ನೆಯ ಕೆಳಗೆ ಸೇರಿಸಿದರು. "ಆಕೀದು ಸೊಂಟ ಇಲ್ಲೆ ಬರ್ತದ್ರಿ. ಹಾಕ್ರಿ ಗುರ್ತು. ಭುಜ ಇಲ್ಲೆ. ಈಗ ಹೊರಳ್ತಾಳ, ನೋಡ್ರಿ."

ಕಣ್ಣು ಮುಚ್ಚಿಕೊಂಡರು. ಮೊದಲು ಭುಜ ಹೊರಳಿತು. ಗಂಟಲಿನಿಂದ ಸಣ್ಣದೊಂದು ದನಿ ಬಂತು, ತುಟಿ ಕಚ್ಚಿ ತಡೆದ ನರಳಿಕೆಯಂಥದು. ಹಾಗೇ ಅಲ್ಲಾಡದೆ ಉಳಿದರು.

"ಇಲ್ಲೆ ಸ್ವಲ್ಪ ನಿಂದರ್ತಾಳ್ರಿ, ನೋವು ಹಾದು ಹೋಗೂತನಕ. ಆಮ್ಯಾಲೆ ಸೊಂಟ. ಕಾಲು ಕಟ್ಟಕಡೀಗೆ."

ಸಾಹೇಬರ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಗುರುತು ಹಾಕುವುದನ್ನು ಬಿಟ್ಟು ನಿಂತುಬಿಟ್ಟಿತ್ತು. ಬಾಯಿಗಿಟ್ಟ ಸೆರಗನ್ನು ನಾನು ಯಾವಾಗ ತೆಗೆದೆನೋ ಗೊತ್ತಿಲ್ಲ.

ಬಾಗಿಲಲ್ಲಿ ವಾಕರ್ ಹಿಡಿದು ಕಾಕು ನಿಂತಿದ್ದರು. "ನಾ ಹಂಗ ನರಳೂದಿಲ್ಲ" ಎಂದರು.

"ನರಳ್ತೀ" ಎಂದರು ಕಾಕಾ, ಕಣ್ಣು ತೆರೆಯದೆಯೇ. "ಮೆತ್ತಗ ನರಳ್ತೀ, ನನಗ ಎಚ್ಚರ ಆಗಬಾರದು ಅಂತ."

ಕಾಕು ಒಂದೊಂದೇ ಹೆಜ್ಜೆ ಇಟ್ಟು ಮಂಚದ ಹತ್ತಿರ ಬಂದು, ಕಾಕಾನ ಮೊಣಕಾಲಿನ ನಡುವಿನಿಂದ ಜಾರಿದ್ದ ದಿಂಬನ್ನು ಸರಿ ಮಾಡಿದರು.