ಅಳಿಯನ ಕೈಗುಣ

ಹತ್ತೊಂಬತ್ತನೆಯ ಫ್ರೆಟ್ಟನ್ನೂ ಇಕ್ಕಳದಿಂದ ಕಿತ್ತು ತಟ್ಟೆಗೆ ಹಾಕಿದಾಗ ಭಾನುವಾರ ಬೆಳಗಿನ ಎಂಟೂವರೆ. ಅಳಿಯ ಹಣೆಯ ಬೆವರು ಒರೆಸಿಕೊಂಡು ಗಿಟಾರನ್ನು ನೋಡಿದ. ಅಡ್ಡಡ್ಡ ಕೂತಿದ್ದ ಲೋಹದ ಪಟ್ಟಿಗಳೆಲ್ಲ ಹೋಗಿ, ಅದರ ಕತ್ತು ಗರಿ ಕಿತ್ತ ಕೋಳಿಯ ಕತ್ತಿನ ಹಾಗೆ ಬೋಳಾಗಿತ್ತು. ಸಂಜೆ ಆರಕ್ಕೆ ಅದನ್ನು ಒಯ್ಯಲು ಮಾವ ಬರುವವರಿದ್ದರು.

ಅಳಿಯ ವಿಮಾ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಅವನ ಬಗ್ಗೆ ಯಾರದೂ ತಕರಾರಿರಲಿಲ್ಲ. ಹೆಂಡತಿಯ ತವರಿನಲ್ಲಿ ಮಾತ್ರ ಮುಟ್ಟಿದ್ದನ್ನೆಲ್ಲ ಮುರಿಯುವವನು ಎಂದು ಹೆಸರಾಗಿದ್ದ. ಮದುವೆಯಾದ ಹೊಸದರಲ್ಲಿ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡಲು ಹೋಗಿ, ಕಿಟಕಿಯನ್ನೇ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮಾವ ಬೈಯುವವರಲ್ಲ. "ಅಳಿಯಂದ್ರೆ, ನೀವು ಕೂತಿರಿ" ಎನ್ನುವರು, ಅಷ್ಟೆ. ಆ ಮನೆಯಲ್ಲಿ ಬಲ್ಬು ಹೋದರೂ ನಲ್ಲಿ ಸೋರಿದರೂ ಅವನು ಕೂತಿರಬೇಕು. ಹನ್ನೊಂದು ವರ್ಷ ಕೂತು ಕೂತು ಅವನಿಗೆ ಸಾಕಾಗಿತ್ತು.

ಅಂಥ ಮಾವ ಹೋದ ವಾರ ತಾವಾಗಿಯೇ ಗಿಟಾರು ತಂದು ಅವನ ಕೈಗಿತ್ತಿದ್ದರು. ಮಾವ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಹಳೆಯ ಸಹೋದ್ಯೋಗಿಗಳ ಕೂಟದಲ್ಲಿ ನಾಲ್ಕೈದು ಗೆಳೆಯರ ಜೊತೆ ನುಡಿಸುತ್ತಿದ್ದರು. "ಸ್ವಲ್ಪ ಝರ್ ಅಂತಿದೆ, ನೋಡಿ. ಭಾನುವಾರ ಏಳಕ್ಕೆ ಕೂಟ" ಎಂದು ಹೇಳಿ ಹೋಗಿದ್ದರು. ಈ ಒಂದು ಕೆಲಸ ಸರಿಯಾಗಿ ಮಾಡಿಬಿಟ್ಟರೆ ಇನ್ನು ಜನ್ಮದಲ್ಲಿ ಆ ಮನೆಯಲ್ಲಿ ಕೂತಿರಬೇಕಾಗಿಲ್ಲ ಎಂದು ಅಳಿಯ ಲೆಕ್ಕ ಹಾಕಿದ. ಫೋನಿನಲ್ಲಿ ಮೂರು ವೀಡಿಯೊ ನೋಡಿದ. ಫ್ರೆಟ್ಟುಗಳು ಸವೆದಿವೆ ಎಂದು ತೀರ್ಮಾನಿಸಿದ. ಸಂಗೀತದ ಅಂಗಡಿಯಿಂದ ಫ್ರೆಟ್ ತಂತಿಯ ಆರು ಕಡ್ಡಿ ತಂದ. ಮೊಳದುದ್ದದ ನೆಟ್ಟನೆಯ ಕಡ್ಡಿಗಳು, ಮೇಲೆ ಗುಂಡಗಿನ ತಲೆ, ಕೆಳಗೆ ಮರದ ಸೀಳಿನೊಳಗೆ ಕೂರುವ ತೆಳ್ಳನೆಯ ನಾಲಿಗೆ.

ಹೆಂಡತಿ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತಳು. "ಅಪ್ಪ ಝರ್ ಅನ್ನೋದನ್ನ ನೋಡಿ ಅಂದ್ರು. ಕತ್ತು ಹೆರೆದುಹಾಕಿ ಅಂದ್ರಾ?" ಎಂದಳು. ಉತ್ತರಕ್ಕೆ ಕಾಯದೆ ಗಿಟಾರನ್ನು ಮಂಚದ ಮೇಲೆ ಮಲಗಿಸಿ, ನೋಡಲಾರದೆ ತಲೆಯಿಂದ ಕಾಲಿನವರೆಗೆ ಹೊದಿಕೆ ಹೊದಿಸಿದಳು.

ಅಳಿಯ ಧೈರ್ಯಗೆಡಲಿಲ್ಲ. ತಟ್ಟೆಯನ್ನು ನಡುಮನೆಗೆ ತಂದು ಹಳೆಯ ಫ್ರೆಟ್ಟುಗಳನ್ನು ಎತ್ತಿ ನೋಡಿದ. ಒಂದೊಂದೂ ಕತ್ತರಿಸಿ ಎಸೆದ ಉಗುರಿನ ಹಾಗೆ ಬಾಗಿತ್ತು. ಹೊಸ ಕಡ್ಡಿಗಳೋ ನೆಟ್ಟಗಿದ್ದವು. ಗಿಟಾರಿನ ಕತ್ತು ಉಬ್ಬಾಗಿರುತ್ತದೆ, ಫ್ರೆಟ್ ತಂತಿಯನ್ನು ಅದಕ್ಕೆ ಸರಿಯಾಗಿ ಬಗ್ಗಿಸಿಕೊಳ್ಳಬೇಕು ಎಂದು ವೀಡಿಯೊದಲ್ಲೂ ಹೇಳಿದ್ದರು. ಅವನು ಒಂದು ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಒತ್ತಿದ. ಅದು ಬಾಗುವ ಬದಲು ನಡುವೆ ಮಡಚಿಕೊಂಡಿತು. ಜೊತೆಗೆ ಮೊಣಕಾಲಿನ ಚರ್ಮವೂ ಕಿತ್ತುಬಂದು ಅಳಿಯ ಕೂಗಿಕೊಂಡ.

ಆ ಕೂಗಿಗೆ ಮೊದಲು ಇಳಿದುಬಂದವರು ಮೇಲಿನ ಮನೆಯ ಗಣಿತದ ಮೇಷ್ಟ್ರು. ವಿಷಯ ಕೇಳಿದ್ದೇ ತಡ, ಇದು ಬರೀ ಕೈಕೆಲಸವಲ್ಲ, ಲೆಕ್ಕ ಎಂದರು. ವೀಡಿಯೊದಲ್ಲಿ ಹೇಳಿದ್ದ ಹನ್ನೆರಡು ಇಂಚಿನ ತ್ರಿಜ್ಯ ಹಿಡಿದು, ದಾರಕ್ಕೆ ಪೆನ್ಸಿಲು ಕಟ್ಟಿ, ರಟ್ಟಿನ ಮೇಲೆ ಕಮಾನು ಎಳೆದು ಕತ್ತರಿಸಿದರು. ತಂತಿ ಈ ಕಮಾನಿಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂರಬೇಕು ಎಂದು ಅಪ್ಪಣೆಯಾಯಿತು.

ಎರಡನೆಯವನು ಕೆಳಗಿನ ಸೈಕಲ್ ಶಾಪಿನವನು. ಕೈಯಲ್ಲಿ ಬಗ್ಗಿಸುವುದು ಬಿಡಿ, ಮೂರು ಬೇರಿಂಗ್ ಸಾಕು ಎಂದ. ಹಲಗೆಯ ಮೇಲೆ ಎರಡು ಬೇರಿಂಗ್ ಅಕ್ಕಪಕ್ಕ, ಎದುರಿಗೆ ಅವೆರಡರ ನಡುವಿಗೆ ಬರುವಂತೆ ಒಂದು. ಆ ಒಂದನ್ನು ತಿರುಪಿನಿಂದ ಒತ್ತುತ್ತಾ ನಡುವೆ ತಂತಿ ತೂರಿಸಿ ಹಿಡಿ ತಿರುಗಿಸಿದರೆ ಕಮಾನು ತಾನಾಗಿ ಬರುತ್ತದೆ. ತಿರುಗಿಸಲು ಹಿಡಿ ಬೇಕಲ್ಲ. ಎದುರು ಮನೆಯ ಟೈಲರಮ್ಮ ತಮ್ಮ ಹಳೆಯ ಹೊಲಿಗೆ ಯಂತ್ರದ ಹಿಡಿ ಬಿಚ್ಚಿ ತಂದರು. ಶಾಲೆಯ ಸಮವಸ್ತ್ರ ನಾಳೆಗೆ ಕೊಡಬೇಕು, ಸಂಜೆಯೊಳಗೆ ಹಿಡಿ ವಾಪಸ್ಸಾಗಬೇಕು ಎಂದು ಹೇಳಿದವರು ಹಿಡಿಯ ಜೊತೆ ತಾವೂ ಉಳಿದರು.

ಮೊದಲ ಕಡ್ಡಿ ಒಳಗೆ ಹೋಯಿತು. ಕೆಳಗಿನ ನಾಲಿಗೆ ಬೇರಿಂಗಿನ ಮೇಲೆ ನಿಲ್ಲದೆ ಮಗ್ಗುಲಾಗಿ, ಇಡೀ ಕಡ್ಡಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಹೊರಬಂತು. ಸೈಕಲ್ಲಿನವನು ತಲೆ ಕೆರೆದುಕೊಂಡು, ತಿರುಪು ಒತ್ತುವ ಆ ಒಂದು ಬೇರಿಂಗಿನ ಬದಲು ಎರಡು ತೆಳ್ಳನೆಯವು ಹಾಕಿ ನಡುವೆ ವಾಷರ್ ಇಟ್ಟು ಸಂದಿ ಮಾಡಿದ. ನಾಲಿಗೆ ಆ ಸಂದಿಯೊಳಗೆ ಕೂತಿತು. ಎರಡನೆಯ ಕಡ್ಡಿ ಚೆನ್ನಾಗಿಯೇ ಹೊರಡುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು, ಲೋಹ ಬಗ್ಗಿದ ಮೇಲೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಅದಕ್ಕೂ ಲೆಕ್ಕ ಹಿಡಿಯಬೇಕು ಎಂದು ತಿರುಪನ್ನು ಇನ್ನೆರಡು ಸುತ್ತು ಬಿಗಿದರು. ಕಡ್ಡಿ ಪೂರ್ತಿ ಬಳೆಯಾಗಿ ಬಂತು. ಟೈಲರಮ್ಮ ಅದನ್ನು ಕೈಗೆ ಹಾಕಿ ನೋಡಿ, ತಮಗೆ ಅಳತೆ ಸರಿಯಾಗಿದೆ ಎಂದರು.

ಉಳಿದದ್ದು ಮೂರು ಕಡ್ಡಿ. ಹತ್ತೊಂಬತ್ತು ಫ್ರೆಟ್ಟಿಗೆ ಬೇಕಾದದ್ದೂ ಅಷ್ಟೇ. ಅಳಿಯ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಇನ್ನು ತಿರುಪಿಗೆ ಯಾರೂ ಕೈ ಹಚ್ಚಬೇಡಿ ಎಂದು ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿದ. ಕೂತಿರಿ ಎಂದು ಇನ್ನೊಬ್ಬರಿಗೆ ಹೇಳಿದ್ದು ಅವನ ಜೀವನದಲ್ಲಿ ಅದೇ ಮೊದಲು. ಊಟ ಮರೆತು ಎರಡೂವರೆ ಗಂಟೆ ಕಾಲ, ಅಕ್ಕಿಯಲ್ಲಿ ಕಲ್ಲು ಆರಿಸುವವರ ತಾಳ್ಮೆಯಿಂದ ಕಾಲುಸುತ್ತು, ಅರೆಸುತ್ತು ತಿರುಪು ಬಿಗಿಯುತ್ತಾ ನಡೆದ. ಮೂರು ಗಂಟೆಗೆ ಮೂರೂ ಕಡ್ಡಿ ಮೇಷ್ಟ್ರ ರಟ್ಟಿನ ಮೇಲೆ ಕೂದಲೆಳೆ ಬಿಡದೆ ಕೂತವು. ನಾಲ್ವರೂ ಅವನ್ನು ಹಸುಗೂಸನ್ನು ನೋಡುವಂತೆ ಬಾಗಿ ನೋಡಿದರು.

ಚಹಾ ತಂದ ಹೆಂಡತಿ ಆ ರಟ್ಟನ್ನು ತೆಗೆದುಕೊಂಡು ಒಳಗೆ ಹೋದಳು. ಐದು ನಿಮಿಷ ಬಿಟ್ಟು ಮೆಲ್ಲಗೆ ಕರೆದಳು.

"ರೀ, ಒಂದ್ನಿಮಿಷ ಬನ್ನಿ."

ಹೊದಿಕೆ ಸರಿಸಿ, ರಟ್ಟಿನ ಕಮಾನನ್ನು ಗಿಟಾರಿನ ಕತ್ತಿನ ಮೇಲೆ ಇಟ್ಟಿದ್ದಳು. ಅದು ತೂಗುಕುರ್ಚಿಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಿತ್ತು. ಮೇಷ್ಟ್ರು ಓಡಿಹೋಗಿ ಉಕ್ಕಿನ ಅಳತೆಪಟ್ಟಿ ತಂದು ಅಡ್ಡ ಇಟ್ಟರು. ಕೆಳಗೆ ಬೆಳಕು ತೂರುವಷ್ಟೂ ಸಂದಿಯಿಲ್ಲ. ಕತ್ತು ಮೇಜಿನ ಹಾಗೆ ಸಪಾಟು.

"ಮತ್ತೆ ಹಳೇ ಫ್ರೆಟ್ ಯಾಕೆ ಬಗ್ಗಿತ್ತು?" ಎಂದ ಅಳಿಯ.

"ನೀವು ಇಕ್ಕಳದಲ್ಲಿ ಮೀಟಿ ಕಿತ್ತಿದ್ದಕ್ಕೆ" ಎಂದಳು ಹೆಂಡತಿ.

ಬೆಳಗಿನಿಂದ ನಾಲ್ಕು ಜನ ಇದ್ದರು, ಇಬ್ಬರಿಗೆ ಕನ್ನಡಕವೂ ಇತ್ತು; ಆ ಹೊದಿಕೆ ಎತ್ತಿ ನೋಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಅಳಿಯ ಮಂಚದ ಅಂಚಿನಲ್ಲಿ ಕುಸಿದ. ಮಾವನ ಮನೆಯ ಆ ಕುರ್ಚಿ ಇನ್ನು ಸಾಯುವ ತನಕ ತನಗೇ ಮೀಸಲು ಎಂದು ಅವನಿಗೆ ಖಚಿತವಾಯಿತು.

ಸೈಕಲ್ಲಿನವನು ಮಾತ್ರ ಹೊರಗೆ ಹೋಗಿ ಹಲಗೆಯ ಮುಂದೆ ಕೂತಿದ್ದ. "ಬಗ್ಗಿಸೋಕೆ ಕಲ್ತಾಯ್ತಲ್ಲ ಸಾರ್. ನೆಟ್ಟಗೆ ಮಾಡೋದು ಅದರ ಉಲ್ಟಾ, ಅಷ್ಟೇ" ಎಂದು ಬೇರಿಂಗುಗಳ ಜಾಗ ಅದಲುಬದಲು ಮಾಡಿದ. ಕಡ್ಡಿಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಅಂಗಡಿಯ ಪೊಟ್ಟಣದಲ್ಲಿ ಹೇಗಿದ್ದವೋ ಹಾಗೆ ಆಗುವಷ್ಟರಲ್ಲಿ ನಾಲ್ಕೂಕಾಲು. ಆಮೇಲೆ ಆ ಮನೆ ಕಾರ್ಖಾನೆಯಾಯಿತು. ಮೇಷ್ಟ್ರು ಅಳೆದರು, ಸೈಕಲ್ಲಿನವನು ಕತ್ತರಿಸಿದ, ಅಳಿಯ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆತ್ತಗೆ ಬಡಿದ, ಟೈಲರಮ್ಮ ಕಾಜಾ ಹೊಲಿಯುವ ನಯದಲ್ಲಿ ತುದಿಗಳಿಗೆ ಅರ ಹಾಕಿದರು. ಆರಕ್ಕೆ ಹತ್ತು ನಿಮಿಷ ಇರುವಾಗ ಹೆಂಡತಿ ಗಿಟಾರಿನ ತಂತಿಗಳನ್ನು ಮತ್ತೆ ಬಿಗಿದು ಶ್ರುತಿ ಮಾಡಿ ಮೀಟಿದಳು. ಝರ್ ಇಲ್ಲ, ಗಿರ್ ಇಲ್ಲ. ತಿಳಿನೀರಿನಂಥ ನಾದ.

ಅಳಿಯ ಮುಖ ತೊಳೆದು ಬೇರೆ ಅಂಗಿ ಹಾಕಿಕೊಂಡ.

ಮಾವ ಗಾರ್ಡ್ ಆಗಿದ್ದವರು. ಆರು ಎಂದರೆ ಆರು. ಬಾಗಿಲಲ್ಲಿ ನಿಂತಾಗ ಅವರ ಮುಖದಲ್ಲಿ ಅಪರೂಪದ ಗೆಲುವಿತ್ತು. "ಏನು ಅಳಿಯಂದ್ರೆ, ಏನಾಯ್ತು ನಮ್ಮ ಗಿಟಾರು?" ಎಂದು ಹೆಚ್ಚುಕಡಿಮೆ ಪ್ರೀತಿಯಿಂದಲೇ ಕೇಳಿದರು. ಅಳಿಯ ಅದನ್ನು ಎರಡು ಕೈಯಲ್ಲಿ ಒಪ್ಪಿಸಿದ. ಮಾವ ಕತ್ತಿನ ಉದ್ದಕ್ಕೂ ಬೆರಳಾಡಿಸಿದರು. ತಂತಿ ಮೀಟಿದರು. ನೋಡನೋಡುತ್ತಿದ್ದಂತೆ ಅವರ ಮುಖ ಗಾಳಿ ಹೋದ ಟ್ಯೂಬಿನ ಹಾಗೆ ಇಳಿಯಿತು. ನಾವಿಬ್ಬರೂ ಸ್ವಲ್ಪ ಒಳಗೆ ಮಾತಾಡೋಣ ಎಂದು ಅಳಿಯನನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಇದನ್ನ ನೀವೇ ಮಾಡಿದ್ರಾ?"

"ಹೌದು ಮಾವ. ಎಲ್ಲರೂ ಕೈ ಹಾಕಿದ್ರು."

ಮಾವ ಎಡಗೈ ಚಾಚಿ ಬೆರಳು ಮಡಚಲು ನೋಡಿದರು. ಎರಡು ಬೆರಳು ಮಡಚಿದವು. ಇನ್ನೆರಡು ಮರದ ಗೂಟಗಳ ಹಾಗೆ ನಿಂತೇ ಇದ್ದವು.

"ಆರು ತಿಂಗಳಾಯ್ತು. ಯಾರಿಗೂ ಹೇಳಿಲ್ಲ. ಮೂವತ್ತು ವರ್ಷ ನುಡಿಸಿ, ಈಗ ಆಗಲ್ಲ ಅಂತ ಅವರ ಮುಂದೆ ಹೇಗೆ ಹೇಳಲಿ?" ಎಂದರು. "ಈ ಊರಲ್ಲಿ ರಿಪೇರಿ ಅಂಗಡಿ ನಾಲ್ಕಿದೆ. ಅದೆಲ್ಲ ಬಿಟ್ಟು ನಿಮ್ಮ ಹತ್ರ ಯಾಕೆ ತಂದೆ ಅಂದ್ಕೊಂಡ್ರಿ?"

"ನಂಬಿಕೆ ಇಟ್ಟು ಅಂತ."

"ನಂಬಿಕೆ ಇಟ್ಟೇ" ಎಂದರು ಮಾವ. "ಹನ್ನೊಂದು ವರ್ಷದಲ್ಲಿ ನೀವು ಒಂದು ಸಲನೂ ಕೈಕೊಟ್ಟಿರಲಿಲ್ಲ."

ಅಳಿಯನ ಕಣ್ಣ ಮುಂದೆ ಅಂದಿನ ದಿನವೆಲ್ಲ ಹಾದುಹೋಯಿತು. ಬಾಗಿಲ ಆಚೆ ಮೂವರು ನೆರೆಯವರು ಸಂಗೀತ ಕೇಳಲು ಕಾದು ನಿಂತಿದ್ದರು. ಜೀವನದಲ್ಲಿ ಮೊದಲ ಸಲ ಏನೋ ಒಂದು ಸರಿಯಾಗಿತ್ತು. ಅವನು ಮಾವನ ಆ ಎರಡು ಬೆರಳು ನೋಡಿದ. ಆಮೇಲೆ ಇಕ್ಕಳ ಕೈಗೆತ್ತಿಕೊಂಡ.

"ಎಷ್ಟು ಕೀಳಲಿ ಮಾವ?"

"ನಡುವಿಂದು ಒಂದೆಂಟು ಸಾಕು."

ಕೀಳುವ ಸದ್ದು ಹೊರಗೂ ಕೇಳಿತು. ಬಾಗಿಲು ತೆರೆದಾಗ ಮಾವ ಕೋಣೆಯೊಳಗೆ ಹತ್ತು ವರ್ಷದ ವಯಸ್ಸು ಬಿಟ್ಟುಬಂದವರ ಹಾಗೆ ಕಾಣುತ್ತಿದ್ದರು. ಗಿಟಾರನ್ನು ಎತ್ತಿ ಹಿಡಿದು, ನೋಡಿ ನಮ್ಮ ಅಳಿಯಂದಿರ ಕೆಲಸ ಎಂದು ನೆರೆಯವರಿಗೆಲ್ಲ ತೋರಿಸಿದರು. ಒಂದು ಫ್ರೆಟ್ಟು ಕೂದಲೆಳೆ ಎತ್ತರವಿತ್ತು, ತಗ್ಗಿಸೋಣ ಎಂದು ಹೋದೆ, ಹೀಗಾಯಿತು ಎಂದ ಅಳಿಯ. ಮೇಷ್ಟ್ರು ಅವನನ್ನು ಮೂರನೆಯ ಸಲ ಫೇಲಾದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿ ಮೆಟ್ಟಿಲು ಹತ್ತಿದರು. ಟೈಲರಮ್ಮ ಹಿಡಿ ಬಿಚ್ಚಿಕೊಂಡರು. ಸೈಕಲ್ಲಿನವನು ಬೇರಿಂಗು ಆರಿಸಿಕೊಳ್ಳುತ್ತಾ, ಇನ್ನು ಮೇಲೆ ಪಂಕ್ಚರ್ ಆದರೂ ನೀವು ಮುಟ್ಟಬೇಡಿ, ನನ್ನನ್ನೇ ಕರೆಯಿರಿ ಎಂದ.

ಹೆಂಡತಿ ಎಲ್ಲರೂ ಹೋದ ಮೇಲೆ ಅವನ ಮುಂದೆ ತಟ್ಟೆಯಿಟ್ಟು ಬಡಿಸಿದಳು. "ಅಪ್ಪನ ಬೆರಳು ನಾನು ಹೋದ ತಿಂಗಳೇ ನೋಡಿದ್ದೆ" ಎಂದಳು. ಅಷ್ಟೇ ಹೇಳಿ ಇನ್ನೊಂದು ಸೌಟು ಬಡಿಸಿದಳು. ಅಳಿಯನಿಗೆ ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ, ಚೆನ್ನಾಗಿ ಹಸಿವಾಯಿತು.

ಎಂಟು ಗಂಟೆಗೆ ಫೋನು ಬಂತು. ಮಾವನ ದನಿ. ಹಿಂದೆ ಕೂಟದ ಗದ್ದಲ, ನಗು. ಗಿಟಾರು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಇಷ್ಟು ಆರಾಮಾಗಿ ಕೂತು ಬೇರೆಯವರದು ಕೇಳಿ ಎಷ್ಟೋ ವರ್ಷವಾಗಿತ್ತಂತೆ. ಆಮೇಲೆ ಅವರು ದನಿ ತಗ್ಗಿಸಿದರು.

"ಅಳಿಯಂದ್ರೆ, ಒಂದು ವಿಷಯ. ನಮ್ಮ ಪಿಟೀಲಿನವನು ನನ್ನ ಪಕ್ಕಕ್ಕೆ ಕರೆದ. ಅವನಿಗೆ ಭುಜ ಎತ್ತೋಕಾಗಲ್ವಂತೆ. ಬರೋ ವರ್ಷ ಕೂಟಕ್ಕೆ ಮುಂಚೆ ಅವನ ಪಿಟೀಲೂ ನೀವೇ ನೋಡ್ಬೇಕಂತೆ. ಅವನು ಹೋದ, ಮೌತ್ ಆರ್ಗನ್ನಿನವನು ಬಂದ. ಹಲ್ಲಿನ ಸೆಟ್ಟು ಹಾಕ್ಸಿದ್ಮೇಲೆ ಅವನಿಗೆ ಊದೋಕೇ ಆಗಲ್ವಂತೆ."

"ಮೌತ್ ಆರ್ಗನ್ನಲ್ಲಿ ಕೆಡಿಸೋಕೆ ಏನಿದೆ ಮಾವ?"

"ಅದು ನಂಗೇನು ಗೊತ್ತು" ಎಂದರು ಮಾವ. "ನೀವು ಸರಿ ಮಾಡೋಕೆ ಶುರು ಮಾಡಿ. ತಾನಾಗೇ ಆಗುತ್ತೆ."