ಸಭ್ಯ ಫ್ಯಾಷನ್ನಿಗೆ ಅರ್ಧ ಕುತ್ತಿಗೆ

ಕುಂದಾಪುರದಲ್ಲಿ ಒಂದು ಉಡುಪನ್ನು ಫ್ಯಾಷನ್ ಎಂದು ಮಾರಬೇಕಾದರೆ, ಅದನ್ನು ತೊಟ್ಟವರು ಬೀದಿಯಲ್ಲಿ ನಡೆದಾಗ ಮೂರು ಕುತ್ತಿಗೆಗಳು ತಿರುಗತಕ್ಕದ್ದು ಎಂಬ ನಿಯಮವಿದೆ. ಸಭ್ಯ ಉಡುಪೆಂದು ಮಾರಬೇಕಾದರೆ ಒಂದು ಕುತ್ತಿಗೆಯೂ ತಿರುಗತಕ್ಕದ್ದಲ್ಲ. ಎರಡೂ ನಿಯಮಗಳು ಬಹುಕಾಲ ಒಂದೇ ಕಪಾಟಿನಲ್ಲಿ ಜಗಳವಿಲ್ಲದೆ ಮಲಗಿದ್ದವು.

ಮೈಮೂನಾ ತನ್ನ ಅಂಗಡಿಗೆ ‘ಸಭ್ಯ ಫ್ಯಾಷನ್’ ಎಂದು ಬೋರ್ಡು ಬರೆಸಿದ ದಿನ ಎರಡಕ್ಕೂ ಎಚ್ಚರವಾಯಿತು.

ಕಾಲೇಜಿಗೆ, ಬ್ಯಾಂಕಿಗೆ, ಆಸ್ಪತ್ರೆ ಕೆಲಸಕ್ಕೆ ಹೋಗುವ ಮುಸ್ಲಿಂ ಹೆಂಗಸರಿಗೆ ಅವಳು ಅಬಾಯ ಎಂಬ ನಿಲುವಂಗಿ ಹೊಲಿಯುತ್ತಿದ್ದಳು. ಸ್ಕೂಟರಿನ ಚಕ್ರಕ್ಕೆ ಸಿಗದ ಅಂಚು, ಮೊಬೈಲು ಹಿಡಿಸುವ ಜೇಬು, ನಮಾಜಿಗೆ ಮುನ್ನ ಕೈ ತೊಳೆಯುವಾಗ ಬಿಚ್ಚಿಕೊಳ್ಳಲು ತೋಳಿಗೆ ಒತ್ತುಗುಂಡಿ. ಬಣ್ಣಗಳಂತೂ ಹಣ್ಣಿನಂಗಡಿಯ ಹಾಗೆ. ರಂಜಾನ್ ಸಮೀಪಿಸಿತ್ತು. ಅಷ್ಟರೊಳಗೆ ಪರವಾನಗಿ ಸಿಗದಿದ್ದರೆ ಗಿರಾಕಿಗಳು ಮಂಗಳೂರಿನ ಬಸ್ಸು ಹತ್ತುತ್ತಿದ್ದರು; ಅಂಗಡಿ ತೆರೆಯುವ ಮೊದಲೇ ಮುಚ್ಚಿದಂತೆ.

“ಕುತ್ಗಿ ತಿರ್ಗುಕೂ ಬೇಕ್, ತಿರ್ಗುಕೂ ಆಗ ಅಂದ್ರೆ ನಾನ್ ಎಂತ ಮಾಡ್ಕ್ ಸಾರ್?” ಎಂದು ಅವಳು ಪರವಾನಗಿ ಅಧಿಕಾರಿ ರಾಜೇಂದ್ರರನ್ನು ಕೇಳಿದಳು.

ರಾಜೇಂದ್ರರು ಯೋಚಿಸಿದರು. “ಅರ್ಧ ತಿರ್ಗ್ಲಿ.”

ಪರವಾನಗಿ ಸಮಿತಿಯೂ ಒಪ್ಪಿತು. ಮೂಗು ಭುಜದ ನೇರಕ್ಕೆ ಬರುವ ಮೊದಲೇ ಕುತ್ತಿಗೆ ನಿಲ್ಲತಕ್ಕದ್ದು ಎಂದು ಆದೇಶವಾಯಿತು.

ಪರೀಕ್ಷೆಯ ದಿನ ಮೈಮೂನಾ ತಾನೇ ಹೊಲಿದ ಎಳನೀರು ಬಣ್ಣದ ಅಬಾಯ ತೊಟ್ಟು ಬಸ್‌ಸ್ಟ್ಯಾಂಡಿನ ಎದುರು ನಡೆದಳು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಮೀನು ಮಾರುವ ಅಕ್ಕು ಕೂಗಿದಳು: “ಹ್ವಾಯ್ ಮೈಮೂನಾ! ಎಲ್ಲಿಗ್ ಹೊರ್ಟದ್? ಬಂಗ್ಡಿ ಇತ್ತ್ ಕಾಣ್!”

ಪಕ್ಕದ ಹೋಟೆಲಿನಲ್ಲಿದ್ದವರೆಲ್ಲ ಪೂರ್ತಿ ತಿರುಗಿದರು. “ಅಂಗ್ಡಿ ಯಾವಾಗ ತೆಗುದ್ ಮಾರಾಯ್ತಿ?” “ಅಮ್ಮನ ಕಾಲ್‌ನೋವ್ ಕಡ್ಮಿ ಆಯ್ತಾ?” ರಾಜೇಂದ್ರರೂ ಪೂರ್ತಿ ತಿರುಗಿ, “ಬಾವ ದುಬೈಯಿಂದ ಬಂದ್ರಾ?” ಎಂದು ವಿಚಾರಿಸಿ, ಆಮೇಲೆ ಗಂಭೀರರಾದರು. ಪರಿಚಯಸ್ಥರ ಕುತ್ತಿಗೆ ಲೆಕ್ಕಕ್ಕಿಲ್ಲ, ಅಪರಿಚಿತರು ಬೇಕು ಎಂದರು.

ಅಮಾಸೆಬೈಲಿನಿಂದ ಅಪರಿಚಿತರನ್ನು ಕರೆಸಲಾಯಿತು. ಅವರು ಬಸ್ಸಿಳಿದವರೇ ಮೈಮೂನಾಳ ಊರು, ಕೇರಿ ಕೇಳಿದರು. ಒಬ್ಬನ ತಂಗಿ ಅವಳ ಜೊತೆ ಓದಿದವಳು. ಇನ್ನೊಬ್ಬನ ಮಾವ ಅವಳ ಅಜ್ಜನ ದೋಣಿಯಲ್ಲಿ ಕೆಲಸಕ್ಕಿದ್ದವರು. ಚಾ ಬರುವಷ್ಟರಲ್ಲಿ ಅಪರಿಚಿತರೆಲ್ಲ ಮುಗಿದುಹೋದರು. ಬೈಂದೂರಿನವರನ್ನು ಕರೆಸಿದರೂ ಅದೇ ಕತೆ. ಅವರು ಅಲ್ಲಿಯೇ ಕೂತು ಒಂದು ಮದುವೆ ಸಂಬಂಧವನ್ನೂ ಕುದುರಿಸಿ ಹೋದರು.

ಹೀಗಾಗಿ ‘ಅಧಿಕೃತ ಅಪರಿಚಿತ’ ಎಂಬ ಹುದ್ದೆಗಳು ಸೃಷ್ಟಿಯಾದವು. ಮೂರು ಪೂರ್ಣ ಕುತ್ತಿಗೆಗೆ ಆರು ಅರ್ಧ ಕುತ್ತಿಗೆ ಬೇಕಾದ್ದರಿಂದ ಹುದ್ದೆಗಳು ಆರು. ಆಯ್ಕೆಯಾದ ಆರೂ ಜನ ರಾಜೇಂದ್ರರ ಹೆಂಡತಿಯ ಕಡೆಯವರು. ಅವರು ಅಪರಿಚಿತರೆಂದು ರಾಜೇಂದ್ರರೇ ಖುದ್ದಾಗಿ ದೃಢೀಕರಿಸಿದರು. ಕೆಲಸದ ವೇಳೆಯಲ್ಲಿ ಅವರು ಯಾರ ಗುರುತನ್ನೂ ಹಿಡಿಯುವಂತಿಲ್ಲ. ಗಂಟೆ ಬಾರಿಸಿದಾಗ ಕುತ್ತಿಗೆಯನ್ನು ಅರ್ಧ ತಿರುಗಿಸಿ, ಮತ್ತೆ ಸ್ವಸ್ಥಾನಕ್ಕೆ ತರಬೇಕು.

ಗಂಟೆ ಬಡಿಯಿತು. ಎಳನೀರು ಬಣ್ಣ ತೇರ್ಗಡೆಯಾಯಿತು. ರಂಜಾನಿಗೆ ವಾರವಿರುವಾಗಲೇ ಅಂಗಡಿ ತೆರೆಯಿತು. ಆದರೆ ಪ್ರತಿ ಹೊಸ ಹೊಲಿಗೆಗೂ ಪ್ರತ್ಯೇಕ ಪರೀಕ್ಷೆ ಕಡ್ಡಾಯವಾದ್ದರಿಂದ ಹುದ್ದೆಗಳು ಕಾಯಂ ಆದವು.

ಮರುದಿನ ಮಧ್ಯಾಹ್ನ ಅಂಗಡಿಯ ಎದುರು ನೇರಳೆ ಅಬಾಯದ ಸರದಿ; ಅದನ್ನು ತೊಟ್ಟು ನಡೆಯಲು ಮೈಮೂನಾ ಇನ್ನೂ ಹೊರಗೆ ಬಂದಿರಲಿಲ್ಲ. ಅಪರಿಚಿತರಲ್ಲೊಬ್ಬನಾದ ರತೀಶನ ಹೆಂಡತಿ ಪ್ರಭಾವತಿ ಊಟದ ಕ್ಯಾರಿಯರು ಹಿಡಿದು ಅಲ್ಲಿಗೆ ಬರುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ರತೀಶ ಅವಳತ್ತ ಅರ್ಧ ತಿರುಗಿದ.

ಪ್ರಭಾವತಿ ನಿಂತಳು. ಆಮೇಲೆ ಸೀದಾ ಅಂಗಡಿಯೊಳಗೆ ನುಗ್ಗಿದಳು.

“ಮೈಮೂನಾ, ಮದಿ ಆದಲ್ಲಿಂದ ಇವ್ರ್ ನನ್ನ್ ತಿರ್ಗಿ ಕಂಡದ್ ಇವತ್ತೇ! ನಂಗೂ ಒಂದ್ ಹೊಲ್ದ್ ಕೊಡ್.”

“ನೀವ್ ಸೀರಿ ಉಟ್ಟಾಗ್ಳೇ ಕಂಡ್ರಲ್ದಾ ಪ್ರಭಾವತಕ್ಕ?”

“ಅದಕ್ಕೇ ಅರ್ಧ ಕಂಡದ್.”

ಮೈಮೂನಾ ನಗು ತಡೆದುಕೊಂಡು ಅಳತೆಯ ಟೇಪು ಬಿಚ್ಚಿದಳು. “ಊಟ ಕೊಟ್ಟ್ ಬನ್ನಿ ಅಕ್ಕ, ತಣ್ದ್ ಹೋತ್ತ್.”

“ಹೌದಾ?” ಎಂದು ಪ್ರಭಾವತಿ ಹೊರಗೆ ನೋಡಿದಳು. “ಗುರ್ತ ಇಲ್ದಿದ್ ಗಂಡ್ಸಿಗೆ ನಡುಬೀದಿಯಂಗ್ ಊಟ ಕೊಡುದ್ ಸಭ್ಯ ಅಲ್ಲ ಮಾರಾಯ್ತಿ.”

ಇದು ನಿಯಮಕ್ಕೆ ಅನುಗುಣವಾಗಿಯೇ ಇತ್ತು. ಇಬ್ಬರೂ ಕ್ಯಾರಿಯರು ಬಿಚ್ಚಿ ಕುಚ್ಚಲಕ್ಕಿ ಅನ್ನ, ಬಂಗ್ಡಿ ಸಾರು ಉಂಡರು. ಸಾರಿನ ಪರಿಮಳಕ್ಕೆ ಹೊರಗೆ ಆರೂ ಕುತ್ತಿಗೆಗಳು ತಿರುಗಿದವು. ಮೂಗು ಭುಜದ ನೇರಕ್ಕೆ ಬರುವ ಮೊದಲೇ ನಿಂತವು.