ಆಂಟೆನಾ ಕಣಕುಂಬಿಯಲ್ಲಿ, ಆಸಾಮಿ ಖಾನಾಪುರದಲ್ಲಿ

ನನ್ನ ಸೋದರಮಾವನಿಗೆ ಜಪಾನಿನಲ್ಲಿ ನಾಲ್ವರು ಗೆಳೆಯರಿದ್ದಾರೆ. ಪಕ್ಕದ ಮನೆಯವರ ಹೆಸರು ಮಾತ್ರ ಹನ್ನೊಂದು ವರ್ಷವಾದರೂ ಗೊತ್ತಿಲ್ಲ! ಗೊತ್ತಿರುವುದು ಅವರ ಮಿಕ್ಸರ್ ಒಂದೇ. ಬೆಳಗಾವಿ ಕೋಟೆಯ ಹತ್ತಿರದ ಆ ಓಣಿಯಲ್ಲಿ ಅವರು ಚಟ್ನಿ ರುಬ್ಬತೊಡಗಿದರೆ ಮಾವನ ರೇಡಿಯೋದಲ್ಲಿ ಇಡೀ ಜಪಾನ್ ಮುಳುಗಿಹೋಗುತ್ತದೆ.

ಮಾವ ಹವ್ಯಾಸಿ ರೇಡಿಯೋದವರು. ಹಾಡು ಕೇಳುವ ರೇಡಿಯೋ ಅಲ್ಲ. ಸರ್ಕಾರದ ಪರವಾನಗಿ ಪಡೆದು, ಮಾಳಿಗೆಯ ಮೇಲೆ ತಂತಿ ಕಟ್ಟಿ, ಜಗತ್ತಿನ ಯಾವ ಮೂಲೆಯವರ ಜೊತೆಗಾದರೂ ಮಾತಾಡುವ ರೇಡಿಯೋ. ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತರಾದ ಮೇಲಂತೂ ಮನೆಯಲ್ಲೂ ಅದೇ ಭಾಷೆ. "ಚಾ ಬೇಕು, ಓವರ್" ಎನ್ನುತ್ತಾರೆ. ಒಳಗಿನಿಂದ ಅತ್ತೆ, "ಹಾಲೂ ಓವರ್ ಆಗೇತಿ, ಸುಮ್ನ ಕುಂದರ್ರಿ" ಎನ್ನುತ್ತಾರೆ.

ಒಮ್ಮೆ ಎರಡು ದಿನ ಯಾರ ದನಿಯೂ ಸರಿಯಾಗಿ ಕೇಳಲಿಲ್ಲ. ಮಾವನ ಪ್ರಕಾರ ತಪ್ಪು ಸೂರ್ಯನದು. "ಸೂರ್ಯನ ಮ್ಯಾಲಿನ ಕಲೆ ಕಡಿಮಿ ಆಗ್ಯಾವ!" ಮೂರನೆಯ ದಿನ ಮಾಳಿಗೆ ಹತ್ತಿ ನೋಡಿದರೆ, ಆಂಟೆನಾದ ತಂತಿಯ ಮೇಲೆ ಅತ್ತೆ ಒಣಹಾಕಿದ್ದ ಒದ್ದೆ ಕೌದಿ! ಸೂರ್ಯನನ್ನು ಬೈದಷ್ಟು ಸಲೀಸಾಗಿ ಅತ್ತೆಯನ್ನು ಬೈಯಲಾದೀತೆ?

ಇಂಥ ಮಾವ ಹೋದ ವರ್ಷ ರೇಡಿಯೋ ಸ್ಪರ್ಧೆಯೊಂದರಲ್ಲಿ ಎರಡನೆಯವರಾದರು. ಎರಡು ದಿನದಲ್ಲಿ ಹೆಚ್ಚು ಜನರೊಡನೆ ಸಂಪರ್ಕ ಸಾಧಿಸಿದವರಿಗೆ ಕಪ್. ಅದು ಖಾನಾಪುರದವರೊಬ್ಬರ ಪಾಲಾಯಿತು. ಹಂಚಿನ ಕಾರ್ಖಾನೆಯಲ್ಲಿದ್ದವರು, ಮಾವನಿಗೆ ಅವರ ದನಿ ಗೊತ್ತು, ಮುಖ ನೋಡಿದ್ದಿಲ್ಲ. ಫಲಿತಾಂಶದ ಹಾಳೆಯಲ್ಲಿ ಮಾತ್ರ ಅವರ ರೇಡಿಯೋ ನಿಲಯದ ಜಾಗ ಖಾನಾಪುರವಲ್ಲ, ಗೋವಾ ಗಡಿಯ ಕಣಕುಂಬಿ ಎಂದಿತ್ತು. ಮಾವ ತಕ್ಷಣ ಖಾನಾಪುರದಲ್ಲಿ ಅವರ ಓಣಿಯಲ್ಲೇ ಇರುವ ನಾದಿನಿಗೆ ಫೋನು ಹಚ್ಚಿದರು.

"ಆ ಎರಡು ದಿನ ಅಂವ ಮನಿಯಾಗ ಇದ್ದನೋ ಇಲ್ಲೋ? ಅಷ್ಟ ಹೇಳು."

"ಮನಿಯಾಗ ಇದ್ರು. ಯಾಕಂದ್ರ ಅವರು..."

ಮಾವ ಅಷ್ಟಕ್ಕೇ ಫೋನು ಇಟ್ಟರು. ಸಿಕ್ಕಿತಲ್ಲ ಸಾಕ್ಷಿ! ಆಸಾಮಿ ಖಾನಾಪುರದಲ್ಲಿ ಕೂತು, ಕಣಕುಂಬಿ ಗುಡ್ಡದ ಮೇಲಿನ ರೇಡಿಯೋವನ್ನು ಇಂಟರ್ನೆಟ್ಟಿನಿಂದ ನಡೆಸಿದ್ದಾರೆ. ಮಾತಾಡುವವನೂ ಆಂಟೆನಾವೂ ಒಂದೇ ಕಡೆ ಇರಬೇಕೆಂದು ನಿಯಮವಿದೆ.

"ಮಾಮಾ, ದನಿ ಅವರದ, ಜಾಣತನಾನೂ ಅವರದ. ತಂತಿ ಎಲ್ಲಿದ್ರೇನು?" ಎಂದೆ.

"ನನ್ನ ಕಿವ್ಯಾಗ ಮಿಕ್ಸರ್, ಅವನ ಕಿವ್ಯಾಗ ಕಾಡು! ಇದು ಸಮಾನ ಏನ? ಕುಸ್ತಿ ಅಂದ ಮ್ಯಾಲ ಪೈಲ್ವಾನ ಖುದ್ದ ಕಣಕ್ಕ ಇಳೀಬೇಕೋ ಬ್ಯಾಡೋ?"

ಸ್ಪರ್ಧೆ ನಡೆಸುವವರಿಗೆ ಮೂರು ಪುಟದ ದೂರು ಹೋಯಿತು. ಅಷ್ಟಕ್ಕೂ ಸಮಾಧಾನವಾಗದೆ, "ಮಖಾ ನೋಡಿ ಕೇಳೂಣು, ನಡಿ" ಎಂದು ನನ್ನ ಕಾರಿನಲ್ಲೇ ಖಾನಾಪುರಕ್ಕೆ ಹೊರಟರು. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳ ತಾಲೀಮು!

ಬಾಗಿಲು ತೆರೆದ ಹೆಣ್ಣುಮಗಳು, "ಬರ್ರಿ, ಒಳಗ ಅದಾರ" ಎಂದರು. ಒಳಗೆ ಮಂಚದ ಮೇಲೆ ದಿಂಬಿಗೊರಗಿ ಒಬ್ಬರು ಕೂತಿದ್ದರು. ತೊಡೆಯ ಮೇಲೆ ಲ್ಯಾಪ್‌ಟಾಪು, ಹೊದಿಕೆಯಡಿ ಅಲುಗದ ಎರಡು ಕಾಲು. ನಾಲ್ಕು ವರ್ಷದ ಹಿಂದೆ ಆಂಟೆನಾದ ಕಂಬದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು.

ಮಾವ ಬರೀ "ನಮಸ್ಕಾರ" ಎಂದದ್ದೇ ತಡ, ಅವರು ದನಿ ಗುರುತಿಸಿ ನಕ್ಕರು. "ನೀವ ಏನ್ರೀ ಸಾಹೇಬ್ರ! ನಿಮ್ಮ ದೂರಿನ ಪ್ರತಿ ನನಗೂ ಬಂದೈತ್ರಿ, ಅದು ಖರೇನ ಐತ್ರಿ. ನಿಯಮ ನನಗೂ ಗೊತ್ತಿತ್ತು. ಎಲ್ಲಾರೂ ಮಾತಾಡೂ ಮುಂದ ನಾ ಒಬ್ಬನ ಸುಮ್ಮನ ಹ್ಯಾಂಗ ಇರ್ಲಿ ಅನಿಸ್ತು. ಕಣಕುಂಬ್ಯಾಗ ನನ್ನ ಮೇವುಣ್ಯಾನ, ಹೆಂಡ್ತಿ ತಮ್ಮನ, ಗುಡ್ಡ ಐತಿ, ಅಲ್ಲಿ ಆಂಟೆನಾ ಕಟ್ಟಿಸಿದೆ. ಕಪ್ ಒಯ್ರಿ, ಅದು ನಿಮ್ದ."

ಕಪ್ ಕಪಾಟಿನ ಮೇಲಿತ್ತು. ಮಾವ ಅದರ ಕಡೆ ನೋಡಲೇ ಇಲ್ಲ. ಚಹಾ ಕುಡಿದರು; ತಾಲೀಮು ಮಾಡಿದ ಪ್ರಶ್ನೆಗಳನ್ನೆಲ್ಲ ಬಿಟ್ಟು, ಕಣಕುಂಬಿಯ ಕಂಬ ಎಷ್ಟೆತ್ತರ ಎಂದು ಕೇಳಿದರು.

ದೂರನ್ನು ಅವರು ಹಿಂತೆಗೆದುಕೊಂಡರೆಂದು ತಿಳಿಯಬೇಡಿ. "ತಪ್ಪು ತಪ್ಪ" ಎಂದರು. ಆದರೆ ಮನೆಗೆ ಬಂದವರೇ ಎರಡನೆಯ ಪತ್ರ ಬರೆದರು, ಇದು ಐದು ಪುಟ. ದೂರದಿಂದ ನಿಲಯ ನಡೆಸುವವರಿಗೆ ಬೇರೆಯದೇ ವಿಭಾಗ ಮಾಡಿ, ಅದಕ್ಕೂ ಇಷ್ಟೇ ದೊಡ್ಡ ಕಪ್ ಇಡಿ, ಎಂದು. ಉತ್ತರ ಬರದಿದ್ದಾಗ ವಾರಕ್ಕೊಂದು ಜ್ಞಾಪನ. ಕೊನೆಗೆ, ಪತ್ರ ಓದಿ ಸುಸ್ತಾಗಿಯೋ ಏನೋ, ಸ್ಪರ್ಧೆಯವರು ಒಪ್ಪಿದರು!

ಈ ಸಲದ ಸ್ಪರ್ಧೆಗೆ ವಾರವಿದೆ ಎನ್ನುವಾಗ ಗಾಳಿಗೆ ಕಣಕುಂಬಿಯ ಕಂಬ ಉರುಳಿತು. ಮೇವುಣ್ಯಾನಿಗೆ ತಂತಿಯ ತಲೆಬುಡ ತಿಳಿಯದು. ಮಾವ ನನ್ನನ್ನು ಎಬ್ಬಿಸಿಕೊಂಡು ಬೆಳಿಗ್ಗೆಯೇ ಹೊರಟರು. ಮಧ್ಯಾಹ್ನದವರೆಗೂ ಕಂಬ ನಿಲ್ಲಿಸಿ, ತಂತಿ ಬಿಗಿದು, ಮೊಣಕೈ ತರಚಿಕೊಂಡು, ಖಾನಾಪುರಕ್ಕೆ ಫೋನು ಮಾಡಿದರು.

"ಈಗ ನೋಡ್ರಿ. ಕೇಳಸ್ತದೇನು?"

"ಛಲೋ ಕೇಳಸ್ತದ್ರಿ." ಆಮೇಲೆ ಆ ದನಿ ಕೇಳಿತು: "ಸಾಹೇಬ್ರ, ಆ ಗುಡ್ಡಾ ನಾ ನೋಡೇ ಇಲ್ರಿ. ಮ್ಯಾಲಿಂದ ಏನೇನು ಕಾಣತೈತಿ?"

ಮಾವ ತಂತಿ ಬಿಗಿದ ಪಕ್ಕಡ್ ಕೆಳಗಿಟ್ಟು ಕಲ್ಲಿನ ಮೇಲೆ ಕೂತರು. ಗೋವಾದ ಕಡೆಯ ಕಣಿವೆ, ಅದರೊಳಗೆ ಇನ್ನೂ ಕರಗದ ಮಂಜು, ಆಚೆಯ ಸಾಲುಬೆಟ್ಟ, ಕೆಂಪು ಚಿಗುರಿನ ಒಂದು ಮರ, ಎಲ್ಲವನ್ನೂ ಅವಸರವಿಲ್ಲದೆ ಹೇಳತೊಡಗಿದರು. ಫೋನು ಕಟ್ಟಾಯಿತೇನೋ ಎಂದು ಮಾವ ಮಾತು ನಿಲ್ಲಿಸಿದರು.

"ಆ ಮರದ ಬಾಜು ಏನೈತ್ರಿ?" ಎಂದಿತು ದನಿ.